ಶಾಂತಿಪಾಲಕರ ಅಶಾಂತಿ

ಸಮರಭೂಮಿಯಲ್ಲಿ ಶತ್ರುವನ್ನೆದುರಿಸುವ ಯೋಧನ ಕಷ್ಟವನ್ನು ಲೋಕವೆಲ್ಲ ಬಲ್ಲುದು. ಕೈಯಲ್ಲಿ ಬಂದೂಕವಿದ್ದೂ ಅದನ್ನು ಪ್ರಯೋಗಿಸದೆ, ಪರದೇಶದಲ್ಲಿ ಕಾದಾಡುವ ಎರಡು ಪಕ್ಷಗಳ ನಡುವೆ ನಿಂತು, ಉಭಯರ ದ್ವೇಷಕ್ಕೂ ಗುರಿಯಾಗುವ ಶಾಂತಿಪಾಲಕನ ಕಷ್ಟವನ್ನು ಬಲ್ಲವರು ವಿರಳ.

ಇದಕ್ಕೆ ನಿದರ್ಶನವನ್ನು ನಾವು ದೂರ ಅರಸಬೇಕಾದುದಿಲ್ಲ. ಕೊಡಗಿನ ವೀರಪುತ್ರರಾದ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದಾಗ, ಸ್ವದೇಶಕ್ಕೆ ಮರಳಲೊಲ್ಲದ ಸುಮಾರು 23,000 ಯುದ್ಧಕೈದಿಗಳನ್ನು ಕಾಯುವ ಭಾರವು ಭಾರತೀಯ ಸೈನಿಕರ ಮೇಲೆ ಬಿದ್ದಿತು. ಅಲ್ಲಿ ಬೇಕಾಗಿದ್ದುದು ತೋಳ್ಬಲವಲ್ಲ, ತಾಳ್ಮೆ. 1964ರಲ್ಲಿ ಸೈಪ್ರಸ್ಸಿನ ಶಾಂತಿಪಡೆಯ ದಳಪತಿಗಳಾಗಿ ಹೋದ ಆ ಮಹನೀಯರು ಮರುವರ್ಷ ಡಿಸೆಂಬರಿನಲ್ಲಿ ಅಲ್ಲಿಯೇ ಕಾಲವಾದರು. 2000ದಲ್ಲಿ ಸಿಯೆರಾ ಲಿಯೋನಿನ ಕೈಲಾಹುನಿನಲ್ಲಿ ನಮ್ಮವರು ಎರಡು ತಿಂಗಳಿಗೂ ಮೀರಿ ದಂಗೆಕೋರರ ಮುತ್ತಿಗೆಯಲ್ಲಿ ಸಿಕ್ಕಿದ್ದರು. 2013ರ ಏಪ್ರಿಲಿನಲ್ಲಿ ದಕ್ಷಿಣ ಸೂಡಾನಿನಲ್ಲಿ ಹೊಂಚುದಾಳಿಗೆ ಐವರು ಬಲಿಯಾದರು. ಗುಂಡಿಗೆ ಬಿದ್ದವರ ಹೆಸರು ಸ್ಮಾರಕದಲ್ಲುಳಿಯುವುದು; ಕಂಡದ್ದನ್ನು ಮರೆಯಲಾರದೆ ಮರಳಿದವರ ಲೆಕ್ಕವನ್ನಿಡುವವರಾರು?

ನಿದ್ರೆ ಬಾರದಿರುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಕಾರಣವಿಲ್ಲದ ಕೋಪ, ಮೌನ, ಮದ್ಯಪಾನ—ಇವು ಮರಳಿದ ಎಷ್ಟೋ ತಿಂಗಳ ಮೇಲೂ ತಲೆದೋರಬಹುದು. ರಕ್ಷಿಸಬಹುದಾಗಿದ್ದವರನ್ನು ರಕ್ಷಿಸಲಾಗಲಿಲ್ಲವೆಂಬ ಕೊರಗು ಭಯಕ್ಕಿಂತಲೂ ಕ್ರೂರವಾದುದು. 1994ರ ರುವಾಂಡ ಹತ್ಯಾಕಾಂಡವನ್ನು ಕಣ್ಣಾರೆ ಕಂಡ ಶಾಂತಿಪಡೆಯ ದಳಪತಿ, ಕೆನಡಾದ ಜನರಲ್ ಡಲೇರ್ ಅವರು, ತಮಗೊದಗಿದ ಮನೋವ್ಯಾಧಿಯನ್ನು ಬಹಿರಂಗವಾಗಿ ಹೇಳಿಕೊಂಡರು. ದಳಪತಿಗೆ ಬಂದರೆ ವ್ಯಾಧಿ, ಸಿಪಾಯಿಗೆ ಬಂದರೆ ಹೇಡಿತನವೆನ್ನುವುದು ಯಾವ ನ್ಯಾಯ?

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಯ ಹಳ್ಳಿಗಳಿಂದಲೂ ತರುಣರು ಸೇನೆ ಸೇರುತ್ತಾರೆ. ಮರಳಿದವನು ಮಂಕಾಗಿ ಕುಳಿತರೆ ಗಾಳಿ ಸೋಕಿತೆಂದು ಯಂತ್ರ ಕಟ್ಟಿಸುವವರು, ಹುಚ್ಚೆಂದು ನಗುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಕೋಲಾರದಿಂದ ಸುಮಾರು 70 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆಮಾಡಿದರೆ ಕನ್ನಡದಲ್ಲಿಯೇ ಸಲಹೆ ದೊರೆಯುವುದು. ಸೈನಿಕರಿಗೆಂದೇ 2023ರ ಡಿಸೆಂಬರಿನಲ್ಲಿ ಪುಣೆಯ ಸೇನಾ ವೈದ್ಯಕೀಯ ಕಾಲೇಜಿನಲ್ಲಿ ಅದರ ಪ್ರತ್ಯೇಕ ಶಾಖೆ ತೆರೆಯಿತು. ಮದ್ದಿದ್ದೂ ಲಜ್ಜೆಯಿಂದ ರೋಗವನ್ನು ಬಚ್ಚಿಡುವುದು ಅವಿವೇಕ.

ಸೇನಾಧಿಕಾರಿಗಳಿಗೆ ನಮ್ಮ ಅರಿಕೆಯೊಂದುಂಟು. ಸೇನೆಯ ವೈದ್ಯವರ್ಗೀಕರಣದಲ್ಲಿ ಮನಸ್ಸಿನ ಪರೀಕ್ಷೆಯೇ ಮೊದಲನೆಯದು. ವರ್ಗ ಇಳಿದರೆ ಬಡ್ತಿಗೆ ಸಂಚಕಾರವೆಂಬ ಅಂಜಿಕೆಯಿಂದಲೇ ಸಿಪಾಯಿಯು ಬಾಯಿ ಬಿಡನು. ತಾನಾಗಿ ಚಿಕಿತ್ಸೆ ಬೇಡಿದವನಿಗೆ ನಷ್ಟವಾಗದೆಂಬ ಅಭಯವನ್ನು ಕೊಡತಕ್ಕದ್ದು. ಮರಳಿದ ದಿನ ಮಾತ್ರವಲ್ಲದೆ ಆರು ತಿಂಗಳ ಮೇಲೆ ಮತ್ತೊಮ್ಮೆ ಯೋಗಕ್ಷೇಮ ವಿಚಾರಿಸತಕ್ಕದ್ದು. ಜಿಲ್ಲೆಯ ಅಧಿಕಾರಿಗಳು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ಗೊತ್ತಾದ ದಿನ ತಪ್ಪದೆ ದೊರೆಯುವಂತೆ ನೋಡಿಕೊಳ್ಳಲಿ.

ಒಡನಾಡಿಗಳ ಸ್ನೇಹ, ಮನೆಯವರ ಸಹನೆ, ಕೈತುಂಬ ಕೆಲಸ—ಧೈರ್ಯವು ಮರಳಿ ಚಿಗುರುವುದು ಈ ನೆಲದಲ್ಲಿಯೇ. ಊರಿಗೆ ಬಂದ ಯೋಧನಿಗೆ ಹಾರ ಹಾಕಿ ಮರೆಯುವುದು ಸುಲಭ. ಅವನ ಮಾತನ್ನು ಕುಳಿತು ಕೇಳುವುದೇ ನಿಜವಾದ ಸನ್ಮಾನ.