ಮನದೊಳಗೆ ಬರೆದ ಕಾದಂಬರಿ

ಅಕ್ಷರವೊಂದನ್ನೂ ಅರಿಯದ ತಾಯಿ, ಹೋಟೆಲಿನ ಪಾತ್ರೆ ತೊಳೆದು, ನೆಲ ಒರೆಸಿ ಸಲಹಿದ ಮಗನು ದೇಶದ ಅಗ್ರಗಣ್ಯ ಕಥೆಗಾರರಲ್ಲಿ ಒಬ್ಬನೆನಿಸಿದನೆಂದರೆ, ಆ ಪ್ರತಿಭೆಯ ಮೂಲವನ್ನು ಪಾಠಶಾಲೆಗಿಂತ ಆ ಮನೆಯಲ್ಲಿಯೇ ಅರಸಬೇಕಾದೀತು. ಆ ಮಗನಾದ ಅಮೆರಿಕದ ಎಡ್ವರ್ಡ್ ಪಿ. ಜೋನ್ಸರ ಬಾಲ್ಯವೆಲ್ಲ ವಾಷಿಂಗ್ಟನ್ ನಗರದಲ್ಲಿ ಮನೆಯಿಂದ ಮನೆಗೆ ಗಂಟುಮೂಟೆ ಸಾಗಿಸುವುದರಲ್ಲಿಯೇ ಕಳೆಯಿತು. 1992ರಲ್ಲಿ ಪ್ರಕಟವಾದ ‘ಲಾಸ್ಟ್ ಇನ್ ದ ಸಿಟಿ’ ಎಂಬ ಅವರ ಪ್ರಥಮ ಕಥಾಸಂಕಲನವು ಚಿತ್ರಿಸುವುದು ಶ್ವೇತಭವನದ ರಾಜಧಾನಿಯನ್ನಲ್ಲ, ಕರಿಯರು ಬಾಳಿ ಬದುಕಿದ ಓಣಿಗಳನ್ನು. ಮಗಳನ್ನು ಮೊದಲ ದಿನ ಶಾಲೆಗೆ ಸೇರಿಸಲು ಬಂದ ತಾಯಿಯೊಬ್ಬಳು ಅರ್ಜಿಯ ಹಾಳೆಯನ್ನು ಕೈಯಲ್ಲಿ ಹಿಡಿದು, ಅದನ್ನು ತುಂಬಿಕೊಡಿರೆಂದು ಅಪರಿಚಿತೆಯನ್ನು ಬೇಡುವ ಗಳಿಗೆಯಲ್ಲಿ, ತನ್ನ ತಾಯಿಗೆ ಓದುಬರಹ ಬಾರದೆಂಬುದನ್ನು ಮಗು ಅರಿತುಕೊಳ್ಳುವ ಪುಟ್ಟ ಕಥೆಯೂ ಅದರಲ್ಲಿದೆ. ತರುವಾಯ, ತೆರಿಗೆಯ ವಿಷಯಗಳಿಗೆ ಮೀಸಲಾದ ಪತ್ರಿಕೆಯೊಂದರಲ್ಲಿ ಹೊಟ್ಟೆಪಾಡಿಗಾಗಿ ದುಡಿಯುತ್ತಲೇ, ದಾಸ್ಯದ ಕಾಲದ ವರ್ಜೀನಿಯಾದಲ್ಲಿ ತಾನೂ ಕರಿಯನಾಗಿದ್ದು ಕರಿಯರನ್ನೇ ಗುಲಾಮರನ್ನಾಗಿಟ್ಟುಕೊಂಡವನ ಕಥೆಯನ್ನು ಅವರು ಸುಮಾರು ಹತ್ತು ವರ್ಷ ಹೆಚ್ಚೇನೂ ಕಾಗದಕ್ಕಿಳಿಸದೆ ಚಿತ್ತದಲ್ಲಿಯೇ ಹೆಣೆದರು. ಓದಲೆಂದು ಕೂಡಿಹಾಕಿದ ಇತಿಹಾಸಗ್ರಂಥಗಳನ್ನು ಬಹುಮಟ್ಟಿಗೆ ಬದಿಗಿರಿಸಿ, ಮ್ಯಾಂಚೆಸ್ಟರ್ ಎಂಬ ಇಲ್ಲದ ಜಿಲ್ಲೆಯನ್ನೇ ಕಲ್ಪಿಸಿಕೊಂಡರು. ನೌಕರಿ ಕೈತಪ್ಪಿದ ಕಾಲಕ್ಕೆ ಕೆಲವೇ ತಿಂಗಳುಗಳಲ್ಲಿ ಕರಡನ್ನು ಮುಗಿಸಿದರು. 2003ರಲ್ಲಿ ಹೊರಬಂದ ಆ ‘ದ ನೋನ್ ವರ್ಲ್ಡ್’ ಕಾದಂಬರಿಗೆ ಮರುವರ್ಷವೇ ಪುಲಿಟ್ಜರ್ ಪಾರಿತೋಷಕವು ಸಂದಿತು. 2006ರಲ್ಲಿ ಬಂದ ಮತ್ತೊಂದು ಕಥಾಸಂಕಲನವನ್ನೂ ಕೂಡಿಸಿದರೆ ಅವರ ಕೀರ್ತಿಗೆ ಆಧಾರವಾದವು ಮೂರೇ ಪುಸ್ತಕಗಳು; ವರ್ಷಕ್ಕೊಂದು ಗ್ರಂಥವನ್ನು ಅಚ್ಚಿಗೆ ಕೊಡಲು ತವಕಿಸುವ ಲೇಖಕರು ಈ ಲೆಕ್ಕವನ್ನು ಒಮ್ಮೆ ನೆನೆಯುವುದೊಳಿತು.