ವ್ಯಾಪಾರ ವಿಚಾರ: ಭಟ್ಟಿ ಹೊತ್ತಿಸುವ ಮೊದಲು



ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಮ್ಮ ಎಷ್ಟೋ ಮನೆತನಗಳು ತಲೆಮಾರುಗಳಿಂದ ಅರಿವೆ, ಕಾಳುಕಡಿ, ಕಿರಾಣಿ ವ್ಯಾಪಾರ ನಡೆಸಿಕೊಂಡು ಬಂದವು. ಈಗಿನ ತರುಣರು ಹೊಸ ದಾರಿ ಹುಡುಕುತ್ತಿದ್ದಾರೆ. ಇಬ್ಬರು ಮೂವರು ಗೆಳೆಯರು ಕೂಡಿ, ಅಜ್ಜಿಯಿಂದ ಕಲಿತ ತುಪ್ಪದ ನಾನಖಟಾಯಿ, ಖಾರಾ ಬಿಸ್ಕತ್ತು ಮಾಡಿ ಮಾರುವ ಸಣ್ಣ ಬೇಕರಿ ತೆಗೆಯುತ್ತೇವೆಂದರೆ ಹಿರಿಯರು ಮೂಗು ಮುರಿಯಬಾರದು. ಆದರೆ ಫಲಕದ ಮೇಲೆ 'ಜೈನ ಬೇಕರಿ' ಎಂದು ಬರೆಸುವ ಮೊದಲು ತರುಣರಿಗೂ ಒಂದು ಮಾತು ತಿಳಿದಿರಲಿ. 'ಜೈನ' ಎಂಬ ಆ ಎರಡಕ್ಷರ ಅಲಂಕಾರವಲ್ಲ, ಗಿರಾಕಿಗೆ ಕೊಟ್ಟ ವಚನ.

ಮನೆಯ ಆಚಾರವೇ ಬಂಡವಾಳವಾದ ಉದಾಹರಣೆ ಕನ್ನಡ ನಾಡಿನಲ್ಲಿಯೇ ಇದೆ. ಹಾಸನ ಸೀಮೆಯ ಎಚ್.ಎಸ್. ತಿರುಮಲಾಚಾರ್ ಅವರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಆರಂಭಿಸಿದರು. ತತ್ತಿಯಿಲ್ಲದೆಯೂ ಬೇಕರಿ ತಿನಿಸು ರುಚಿಯಾಗಬಲ್ಲದೆಂದು ಮಾಡಿ ತೋರಿಸಿದರು. ಮುಂದೆ 'ಅಯ್ಯಂಗಾರ್ ಬೇಕರಿ' ಎಂಬ ಹೆಸರು ಊರೂರಿಗೆ ಹರಡಿತು. ಜನ ಕೊಂಡದ್ದು ಬರೀ ಬ್ರೆಡ್ಡು, ಬಿಸ್ಕತ್ತುಗಳನ್ನಲ್ಲ. ಆ ಅಡುಗೆಮನೆಯ ಮೇಲಿನ ನಂಬಿಗೆಯನ್ನು.

ನಮ್ಮ ಅಡುಗೆಮನೆಯ ನಿಯಮ ಇನ್ನೂ ಬಿಗಿ. ತತ್ತಿ ಬಿಟ್ಟರೆ ಸಾಲದು. ಬಟಾಟೆ, ಉಳ್ಳಾಗಡ್ಡಿ ತುಂಬಿದ ಪಫ್ ನಮ್ಮದಾಗದು; ಬಾಳೆಕಾಯಿಯ ಪಲ್ಯ ತುಂಬಿದರೆ ಅದೂ ರುಚಿಯೇ. ಈಸ್ಟ್ ಹಾಕಿ ಹುಳಿಸಿದ ಪಾವು, ಬ್ರೆಡ್ಡುಗಳನ್ನು ನಮ್ಮಲ್ಲಿ ಹಲವರು ಮುಟ್ಟುವುದಿಲ್ಲ. ಆದ್ದರಿಂದ ಈಸ್ಟ್ ಬೇಡದ ತಿನಿಸುಗಳಿಂದಲೇ ಆರಂಭಿಸುವುದು ಜಾಣತನ. ಕೇಕು ಉಬ್ಬಲೆಂದು ಹಾಕುವ ಜೆಲ್ಲಿನ ಡಬ್ಬಿಯ ಮೇಲೆ 471 ಎಂಬ ಅಂಕಿ ಕಂಡರೆ ವಿಚಾರಿಸಿ. ಆ ಪದಾರ್ಥವನ್ನು ಸಸ್ಯದ ಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿಯ ಕೊಬ್ಬಿನಿಂದಲೂ ಮಾಡುತ್ತಾರೆ. ಡಬ್ಬಿಯ ಮೇಲೆ ಸಸ್ಯಾಹಾರದ ಹಸಿರು ಚಿಕ್ಕೆ ಇಲ್ಲದಿದ್ದರೆ ಅಂಗಡಿಯೊಳಗೆ ತರಲೇಬೇಡಿ.

ಎಲ್ಲಕ್ಕಿಂತ ಕಠಿಣವಾದುದು ಹಿಟ್ಟಿನ ಮರ್ಯಾದೆ. ಬೀಸಿದ ಹಿಟ್ಟಿಗೆ ಚಳಿಗಾಲದಲ್ಲಿ 7 ದಿವಸ, ಬೇಸಿಗೆಯಲ್ಲಿ 5 ದಿವಸ, ಮಳೆಗಾಲದಲ್ಲಿ 3 ದಿವಸ ಎಂದು ನಮ್ಮ ಶ್ರಾವಿಕೆಯರು ಲೆಕ್ಕ ಇಟ್ಟುಕೊಂಡು ಬಂದಿದ್ದಾರೆ. ಪೇಟೆಯಿಂದ ತಂದ ಮೈದಾ ಯಾವ ದಿವಸ ಬೀಸಿದ್ದೆಂದು ಅಂಗಡಿಯವನಿಗೂ ತಿಳಿಯದು. ಹಾಗಿದ್ದ ಮೇಲೆ ಮೈದಾದ ತಿನಿಸನ್ನು ಮರ್ಯಾದೆಯದೆಂದು ಹೇಳಿ ಮಾರುವುದು ಸತ್ಯಾಣುವ್ರತಕ್ಕೆ ಭಂಗ. ಗೋಧಿಯನ್ನು ಹಸನು ಮಾಡಿ, ಊರ ಗಿರಣಿಯಲ್ಲಿ ಬೀಸಿಸಿ, ಆ ಹಿಟ್ಟಿನ ತಿನಿಸಿಗೆ ಬೇರೆ ಡಬ್ಬಿ ಇಡಿ. ಬೀಸಿದ ದಿವಸವನ್ನೂ ಮಾಡಿದ ದಿವಸವನ್ನೂ ಅದರ ಮೇಲೆ ಬರೆಯಿರಿ. ವ್ರತಿಗಳು ಅಂಗಡಿಯ ತಿನಿಸನ್ನು ಹೇಗೂ ಸ್ವೀಕರಿಸುವುದಿಲ್ಲ. ಉಳಿದವರು ಡಬ್ಬಿ ಓದಿ ತಮಗೆ ಬೇಕಾದುದನ್ನು ಆರಿಸಿಕೊಳ್ಳಲಿ.

ಹೀಗೆ ಮಾಡಿದರೆ ಲಾಭ ಉಳಿದೀತೇ ಎಂದು ಕೇಳಬಹುದು. ತುಪ್ಪ ತುಟ್ಟಿ, ವನಸ್ಪತಿ ಅಗ್ಗ. ಆದರೂ ಕೇಕು, ಬಿಸ್ಕತ್ತುಗಳ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇಕಡಾ 18ರಿಂದ 5ಕ್ಕೆ ಇಳಿದದ್ದು ಒಂದು ಅನುಕೂಲ. ಮಳೆಗಾಲದಲ್ಲಿ ಸರಕು ಕಡಿಮೆ ಮಾಡಿದರೆ ಅಂಗಡಿ ಮುಳುಗುವುದಿಲ್ಲ. ಮುಂಬಯಿಯ ಗಿರಗಾಂವದಲ್ಲಿ 1959ರ ಮಾರ್ಚ್ 15ರಂದು ಏಳು ಜನ ಹೆಣ್ಣುಮಕ್ಕಳು 80 ರೂಪಾಯಿ ಸಾಲ ತಂದು ಹಪ್ಪಳ ಲಟ್ಟಿಸತೊಡಗಿದರು. ಮೊದಲ ದಿವಸ ತಯಾರಾದದ್ದು ನಾಲ್ಕೇ ಪ್ಯಾಕೆಟು. ಮೊದಲ ವರ್ಷದ ಮಳೆಗಾಲದಲ್ಲಿ ಹಪ್ಪಳ ಒಣಗದೆ ನಾಲ್ಕು ತಿಂಗಳು ಕೆಲಸವನ್ನೇ ನಿಲ್ಲಿಸಿದರು. ಮರುವರ್ಷ ಒಂದು ಮಂಚ, ಒಂದು ಸ್ಟೋ ಕೊಂಡು ತಂದು ಒಣಗಿಸುವ ಉಪಾಯ ಕಂಡುಕೊಂಡರು. ಅದೇ ಇಂದಿನ ಲಿಜ್ಜತ್ ಪಾಪಡ್ ಸಂಸ್ಥೆ. ಗುಣ ಕೆಡಿಸಿ ಮಾರುವುದಕ್ಕಿಂತ ಕೆಲ ಕಾಲ ನಿಲ್ಲುವುದು ನಷ್ಟವಲ್ಲ.

ಇನ್ನು ಗೆಳೆತನದ ಮಾತು. ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ಸೇಠ ವಾಲಚಂದ ಹೀರಾಚಂದರು ನಮ್ಮ ಸಮಾಜದವರೇ. ಅವರು ಗುತ್ತಿಗೆ ಕೆಲಸಕ್ಕೆ ಇಳಿದಾಗ ಪಾಲುದಾರರಾಗಿ ಆರಿಸಿಕೊಂಡದ್ದು ಹಿಂದೆ ರೈಲ್ವೆಯಲ್ಲಿ ಕಾರಕೂನರಾಗಿದ್ದ ಲಕ್ಷ್ಮಣರಾವ ಫಾಟಕರನ್ನು. ನೆಂಟಸ್ತಿಕೆ ನೋಡಲಿಲ್ಲ, ಕೆಲಸ ಬಲ್ಲವರನ್ನು ನೋಡಿದರು. ಬೇಕರಿಯಲ್ಲಿಯೂ ಒಬ್ಬನಿಗೆ ಭಟ್ಟಿಯ ಕೆಲಸ ಗೊತ್ತು, ಇನ್ನೊಬ್ಬನ ಕೈಯಲ್ಲಿ ಹಣ ಇದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೆಂಕಿಯ ಮುಂದೆ ನಿಲ್ಲುವವನಿಗೆ ಪಗಾರ ಉಂಟೋ ಇಲ್ಲವೋ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ವರ್ಷ ತುಂಬುವುದರೊಳಗೆ ಮನಸ್ಸು ಮುರಿಯುತ್ತದೆ. ಆಮೇಲೆ ಎರಡು ಮನೆಯವರು ಬಸದಿಯಲ್ಲಿ ಎದುರಾದರೂ ಮುಖ ತಿರುಗಿಸುತ್ತಾರೆ.

1932ರ ಪಾಲುದಾರಿಕೆ ಕಾಯಿದೆ ಏನು ಹೇಳುತ್ತದೆಂದು ತಿಳಿದಿರಲಿ. ಕರಾರಿನಲ್ಲಿ ಬೇರೆ ರೀತಿ ಬರೆದಿರದಿದ್ದರೆ ಲಾಭ ನಷ್ಟಗಳಲ್ಲಿ ಎಲ್ಲರಿಗೂ ಸಮಪಾಲು, ದುಡಿಮೆಗೆ ಪಗಾರವಿಲ್ಲ. ಅಂಗಡಿಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿ ಹೊಣೆ. ಅವನ ಸ್ವಂತ ಆಸ್ತಿಗೂ ಅದು ಬಾಧಿಸುತ್ತದೆ. ಒಬ್ಬ ಪಾಲುದಾರ ತೀರಿಕೊಂಡರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಪಾಲುದಾರಿಕೆ ಅಲ್ಲಿಗೇ ಮುಗಿಯಿತು. ನೋಂದಣಿ ಕಡ್ಡಾಯವಲ್ಲ ನಿಜ. ಆದರೆ ನೋಂದಣಿ ಇಲ್ಲದ ಸಂಸ್ಥೆ ಬಾಕಿ ವಸೂಲಿಗೆ ಹೊರಗಿನವರ ಮೇಲೆ ದಾವೆ ಹೂಡಲಾರದು. ಆದ್ದರಿಂದ ಪಗಾರ, ಪಾಲು, ಸಾಲ, ಬಿಟ್ಟುಹೋಗುವವನ ಲೆಕ್ಕ, ನೆಂಟರಿಗೆ ಉದ್ರಿ ಎಷ್ಟರವರೆಗೆ ಎಂಬುದನ್ನೆಲ್ಲ ವಕೀಲರಿಂದ ಬರೆಸಿ. ಗೆಳೆಯರ ನಡುವೆ ಕಾಗದವೇಕೆ ಎನ್ನಬೇಡಿ. ಗೆಳೆತನ ಉಳಿಯಲೆಂದೇ ಕಾಗದ.

ಸಮಾಜದ ಗಿರಾಕಿಗಳನ್ನೇ ನಂಬಿ ಕೂಡಬೇಡಿ. ದಶಲಕ್ಷಣ ಪರ್ವದಲ್ಲಿ ನಮ್ಮವರ ಖರೀದಿ ಕಡಿಮೆಯಾಗುವುದೇ ಸಹಜ, ಆಗಬೇಕಾದುದೂ ಹಾಗೆಯೇ. ಉಳಿದ ದಿವಸಗಳಲ್ಲಿ ನಮ್ಮವರು ಸೂರ್ಯಾಸ್ತದೊಳಗೆ ತಿನ್ನುವಂತೆ ಸಂಜೆಯ ತಾಜಾ ಸರಕು ನಾಲ್ಕು ಗಂಟೆಗೇ ಸಿದ್ಧವಿರಲಿ. ಶುಚಿಗೂ ನಿಜಕ್ಕೂ ಎಲ್ಲ ಜಾತಿಯ ಜನರೂ ಬೆಲೆ ಕೊಡುತ್ತಾರೆ. ಭಟ್ಟಿಯ ಕೆಲಸಕ್ಕೆ ಬರುವವನು ಬೇರೆ ಧರ್ಮದವನಾದರೆ ನಿಯಮಗಳನ್ನು ಕಾರಣ ಸಹಿತ, ಗೌರವದಿಂದ ತಿಳಿಸಿ, ಅವನೂ ಪಾಲಿಸುತ್ತಾನೆ.

ಭಟ್ಟಿ ಹೊತ್ತಿಸುವ ಮೊದಲು ಎರಡು ಕಾಗದ ಸಿದ್ಧವಿರಲಿ. ಏನು ಹಾಕುತ್ತೇವೆ, ಏನು ಹಾಕುವುದಿಲ್ಲ ಎಂಬುದು ಗಿರಾಕಿಗೆ ಕಾಣುವಂತೆ ಗೋಡೆಯ ಮೇಲೆ. ಪಾಲುದಾರರ ಕರಾರು ತಿಜೋರಿಯಲ್ಲಿ. ಇವೆರಡೂ ಇದ್ದರೆ ಫಲಕ ಬರೆಸಲು ಅಡ್ಡಿಯಿಲ್ಲ.

ಜೈ ಜಿನೇಂದ್ರ.