ಉದ್ಯಾನ ಯಾರ ಔದಾರ್ಯವೂ ಅಲ್ಲ

ಗದಗ ಜಿಲ್ಲೆಯ ರೋಣ ತಾಲೂಕಿನ ಹೊಳೆಮಣ್ಣೂರ ಮಲಪ್ರಭೆಯ ದಂಡೆಯ ಊರು. 2009 ಮತ್ತು 2019ರಲ್ಲಿ ಮಲಪ್ರಭೆ ಉಕ್ಕಿ ಹರಿದಾಗ ಈ ದಂಡೆಯ ಊರುಗಳು ನಲುಗಿ ಹೋದವು. ನೀರು ಹೊಸ್ತಿಲಿಗೆ ಬಂದಾಗ ಮನುಷ್ಯನಿಗೆ ಮೊದಲು ಬೇಕಾಗುವುದು ಕಾಲೂರಲು, ದನಕರು ಕಟ್ಟಲು, ಒಲೆ ಹೂಡಲು ಎತ್ತರದ ಒಂದು ಬಯಲು. ಅಗಸಿಯ ಮುಂದಿನ ಬಯಲು ಮತ್ತು ಗಾಯರಾಣ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರ ಆಸ್ತಿ ಎಂಬುದನ್ನು ಹಳ್ಳಿಗರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಇಂಥ ಹಳ್ಳಿಯ ಕುಟುಂಬವೇ ರೋಣಕ್ಕೋ ಗದಗಕ್ಕೋ ಹುಬ್ಬಳ್ಳಿಗೋ ಬಂದು ನಿವೇಶನ ಕೊಳ್ಳುವಾಗ ಆ ತಿಳಿವಳಿಕೆಯನ್ನು ಊರಲ್ಲೇ ಬಿಟ್ಟು ಬರುತ್ತದೆ. ಬೆಲೆ ಎಷ್ಟು, ರಸ್ತೆ ಎಷ್ಟು ಅಡಿ ಎಂದು ಕೇಳುವ ನಾವು, ಉದ್ಯಾನ ಎಲ್ಲಿದೆ ಎಂದು ಕೇಳುವುದಿಲ್ಲ.

ಕೇಳಬೇಕಾಗಿತ್ತು. ಏಕೆಂದರೆ ಅದು ನಮ್ಮ ಹಕ್ಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ಬಡಾವಣೆಯ ನಕ್ಷೆ ಮಂಜೂರಾಗುವಾಗ ಸಾಮಾನ್ಯವಾಗಿ ಕನಿಷ್ಠ ಶೇ. 10ರಷ್ಟು ಭೂಮಿಯನ್ನು ಉದ್ಯಾನ ಮತ್ತು ಬಯಲಿಗಾಗಿ ಬಿಡಬೇಕಾಗುತ್ತದೆ. ನಾಗರಿಕ ಸೌಲಭ್ಯಗಳಿಗೆ ಬೇರೆಯೇ ಪಾಲಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಂತೂ ಪ್ರಾಧಿಕಾರದ ಬಡಾವಣೆಗಳಲ್ಲಿ ಉದ್ಯಾನ, ಆಟದ ಮೈದಾನಗಳಿಗೆ ಶೇ. 15ಕ್ಕೆ ಕಡಿಮೆಯಿಲ್ಲದಷ್ಟು ಭೂಮಿ ಮೀಸಲಿಡಬೇಕೆನ್ನುತ್ತದೆ. ಈ ಭೂಮಿಯನ್ನು ಬಡಾವಣೆಯ ಮಾಲಕ ದಾನ ಮಾಡುತ್ತಾನೆಂದು ತಿಳಿಯುವುದು ಶುದ್ಧ ಮೌಢ್ಯ. ಅದರ ಬೆಲೆಯನ್ನು ಆತ ಪ್ರತಿಯೊಂದು ನಿವೇಶನದ ದರದಲ್ಲಿ ಸೇರಿಸಿಯೇ ಮಾರುತ್ತಾನೆ. ಉದ್ಯಾನಕ್ಕೆ ಹಣ ತೆತ್ತವರು ನಾವು.

ಇನ್ನು ಲಾಭದ ಲೆಕ್ಕ ನೋಡೋಣ. ಹತ್ತು ಎಕರೆಯ ಬಡಾವಣೆಯಲ್ಲಿ ಶೇ. 10 ಎಂದರೆ ಒಂದು ಎಕರೆ, ಅಂದರೆ 43,560 ಚದರ ಅಡಿ. ಅದನ್ನು 30-40ರ ನಿವೇಶನಗಳಾಗಿ ಕತ್ತರಿಸಿದರೆ 36 ನಿವೇಶನಗಳು. ನಕ್ಷೆಯ ಮೇಲಿನ ಹಸಿರು ಬಣ್ಣ ನೆಲದ ಮೇಲೆ ಏಕೆ ಮಾಯವಾಗುತ್ತದೆ ಎಂಬುದಕ್ಕೆ ಬೇರೆ ಉತ್ತರ ಬೇಕೇ? ನಕ್ಷೆಯೇ ಇಲ್ಲದ ಬಡಾವಣೆಗಳ ಕತೆ ಇನ್ನೂ ಕೆಟ್ಟದು. ಹೊಲಕ್ಕೆ ಕಲ್ಲು ನೆಟ್ಟು, ಛಾಪಾ ಕಾಗದದ ಮೇಲೆ ಮಾರಿದ ಜಾಗದಲ್ಲಿ ಉದ್ಯಾನದ ಮಾತೇ ಇರುವುದಿಲ್ಲ. ಗಲ್ಫಿನಲ್ಲಿ ಬೆವರು ಸುರಿಸಿದವರ, ಗಾರೆ ಕೆಲಸದವರ, ಲಾರಿ ಚಾಲಕರ ಉಳಿತಾಯ ಹೋಗಿ ಬೀಳುವುದು ಹೆಚ್ಚಾಗಿ ಇಲ್ಲಿಯೇ. ಆ ಓಣಿಗಳಲ್ಲಿ ಮಕ್ಕಳ ಆಟದ ಮೈದಾನ ಗಟಾರದ ಅಂಚು. ಗಂಡಸರಿಗೆ ಚಹಾದಂಗಡಿಯಾದರೂ ಇದೆ. ಮನೆಯೊಳಗೇ ದಿನ ಕಳೆಯುವ ನಮ್ಮ ತಾಯಂದಿರು, ಹೆಣ್ಣುಮಕ್ಕಳು ಗಾಳಿಗಾಗಿ ಎಲ್ಲಿ ಹೋಗಬೇಕು?

ನ್ಯಾಯಾಲಯ ಈ ವಿಷಯದಲ್ಲಿ ಮೌನವಾಗಿಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು 1976ರಲ್ಲಿ ಸರಕಾರ ಖಾಸಗಿ ನರ್ಸಿಂಗ್ ಹೋಮಿಗೆ ಕೊಡಿಸಿತು. ನಿವಾಸಿಗಳು ದಾವೆ ಹೂಡಿದರು. ಉದ್ಯಾನವೂ ಆಸ್ಪತ್ರೆಯೂ ಜನೋಪಯೋಗಿಯೇ ಅಲ್ಲವೇ ಎಂಬ ವಾದವನ್ನು ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. 1991ರಲ್ಲಿ ಬಂದ ಆ ತೀರ್ಪು ಉದ್ಯಾನವನ್ನು ಉಳಿಸಿತು. ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂದೂ ಸಾರಿತು. ಆಸ್ಪತ್ರೆಗೇ ಸಲ್ಲದ ಜಾಗ ವಾಣಿಜ್ಯ ಸಂಕೀರ್ಣಕ್ಕೆ ಹೇಗೆ ಸಲ್ಲುತ್ತದೆ?

ಇಲ್ಲಿ ನಾವು ಆತ್ಮಾವಲೋಕನ ಮಾಡಿಕೊಳ್ಳಲೇಬೇಕು. ಉದ್ಯಾನವನ್ನು ನುಂಗುವವರು ಭೂದಲ್ಲಾಳಿಗಳು ಮಾತ್ರವಲ್ಲ. ಮೂಲೆಯಲ್ಲೊಂದು ಕಟ್ಟೆ, ಕಟ್ಟೆಗೊಂದು ತಗಡಿನ ಚಪ್ಪರ, ವರ್ಷ ಕಳೆಯುವುದರೊಳಗೆ ಗೋಡೆ. ಎಲ್ಲ ಧರ್ಮದವರೂ ಈ ಆಟ ಆಡಿದ್ದಾರೆ. ಸಾರ್ವಜನಿಕ ರಸ್ತೆ, ಉದ್ಯಾನಗಳಲ್ಲಿ ಗುಡಿ, ಮಸೀದಿ, ಚರ್ಚು, ಗುರುದ್ವಾರಗಳ ಹೆಸರಿನಲ್ಲಿ ಅನಧಿಕೃತವಾಗಿ ಕಟ್ಟಕೂಡದೆಂದು ಸುಪ್ರೀಂ ಕೋರ್ಟ್ 2009ರಲ್ಲಿ ಆದೇಶಿಸಿತು. ನಮಗೆ ಈ ಆದೇಶದ ಅಗತ್ಯವೂ ಇರಬಾರದಿತ್ತು. ಪರರ ಹಕ್ಕಿನ ನೆಲವನ್ನು ಕಬಳಿಸಿ ಅಲ್ಲಾಹನ ಭವನ ಕಟ್ಟಲಾಗದೆಂದು ಮದ್ರಸಾದ ಎಳೆಯ ವಿದ್ಯಾರ್ಥಿಗೂ ಗೊತ್ತಿದೆ. ಮಸೀದಿ ಬೇಕೆಂದಾದರೆ ಚಂದಾ ಎತ್ತಿ ಜಾಗ ಕೊಳ್ಳೋಣ. ನೆರೆಯವರ ಮಕ್ಕಳ ಬಯಲನ್ನು ಕಸಿದುಕೊಂಡ ಮೇಲೆ ಸೌಹಾರ್ದದ ಭಾಷಣಕ್ಕೆ ಬೆಲೆಯಿಲ್ಲ.

ಸರಕಾರದ ಹೊಣೆ ಇದರಿಂದ ತಗ್ಗುವುದಿಲ್ಲ. 2025ರಲ್ಲಿ ರಾಜ್ಯ ಸರಕಾರ ಅನಧಿಕೃತ ಬಡಾವಣೆಗಳ ಸ್ವತ್ತುಗಳಿಗೆ ಬಿ-ಖಾತೆ ನೀಡುವ ಅಭಿಯಾನ ಆರಂಭಿಸಿತು. ಬಡವನ ಮನೆಗೆ ದಾಖಲೆ ಸಿಗುವುದು ಸ್ವಾಗತಾರ್ಹವೇ. ಆದರೆ ತೆರಿಗೆ ಕಟ್ಟಲು ಅರ್ಹವಾದ ಓಣಿ ಮೈದಾನಕ್ಕೆ ಅರ್ಹವಲ್ಲವೇ? ವಸೂಲಾದ ಹಣದ ಒಂದು ಪಾಲಿನಿಂದ ಅದೇ ಓಣಿಗಳಲ್ಲಿ ಬಯಲು ಜಾಗ ಖರೀದಿಸಬೇಕೆಂದು ನಗರಸಭೆ, ಪುರಸಭೆಗಳನ್ನು ಒತ್ತಾಯಿಸಬೇಕಾಗಿದೆ.

ನಮ್ಮ ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ. ಮುಂಗಡ ಕೊಡುವ ಮೊದಲು ಮಂಜೂರಾದ ನಕ್ಷೆಯನ್ನು ಕೇಳಿ. ಉದ್ಯಾನದ ಜಾಗ ಸ್ಥಳೀಯ ಸಂಸ್ಥೆಗೆ ನೋಂದಣಿಯಾಗಿ ಹಸ್ತಾಂತರವಾಗಿದೆಯೇ ಎಂದು ವಿಚಾರಿಸಿ. ಆ ಜಾಗಕ್ಕೆ ಬೇಲಿ, ಫಲಕ ಹಾಕಿಸಿ. ಮೊಹಲ್ಲಾದ ಹಿರಿಯರು ನೆರೆಯ ಹಿಂದೂ, ಕ್ರೈಸ್ತ ಬಾಂಧವರೊಂದಿಗೆ ಕೂಡಿ ಅದನ್ನು ಕಾಯಲಿ. ಮನೆ ಕಟ್ಟಿಕೊಟ್ಟ ತಂದೆಯನ್ನು ಮಕ್ಕಳು ನೆನೆಯುತ್ತಾರೆ, ನಿಜ. ಆದರೆ ಆಡಲು ಒಂದಂಗುಲ ನೆಲವನ್ನೂ ಉಳಿಸದ ತಲೆಮಾರನ್ನು ಅವರು ಕ್ಷಮಿಸಲಾರರು.